ಮಿಸ್ಸು ಕೂಗಿದ ಹೆಸರು

ಅಂದು ಬೆಳಿಗ್ಗೆ ಸೋನೆ ಹಿಡಿದಿತ್ತು. ಲಾಕ್‌ಡೌನ್ ಮುಗಿದು ಒಂದನೇ ಕ್ಲಾಸಿನ ಮಕ್ಕಳು ಮೊದಲ ಸಲ ಶಾಲೆಗೆ ಹೊರಟ ದಿನ. ಚಿಕ್ಕರಸಿನಕೆರೆ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಅವಳ ಮಗಳು, ಅವರ ನೆರೆಮನೆಯ ಬೋರೇಗೌಡರು ನಿಂತಿದ್ದರು. ಮಗಳು ಫೋನು ಅವುಚಿಕೊಂಡಿದ್ದಳು.

“ಕೊಟ್ಬುಡು ದೀಪಿಕ. ಪಾಠ ಕೇಳ್ಲಿ ಅಂತ ಮಾವ ಕೊಟ್ಟಿದ್ದ ಫೋನು ಅದು.”

“ಇದಿಲ್ದೆ ಮಿಸ್ಸಿಗೆ ನನ್ ಗುರ್ತು ಎಂಗ್ ಸಿಕ್ತದವ್ವ?”

“ಎಸ್ರು ಏಳು.”

“ಫೋನಲ್ಲಿ ಮಾವನ ಎಸ್ರೇ ಬತ್ತಿತ್ತು. ಮಿಸ್ಸು ‘ಬೋರೇಗೌಡ’ ಅಂತ ಕೂಗೋರು, ನಾನು ‘ಎಸ್ ಮಿಸ್’ ಅಂತಿದ್ದೆ.”

ಗೌಡರು ತಬ್ಬಿಬ್ಬಾದರು. “ಅಂಗಾರೆ ಇಷ್ಟ್ ದಿನ ಒಂದ್ನೇ ಕ್ಲಾಸು ಓದಿದ್ದು ನಾನಾ?”

“ಇವತ್ತು ಯಾರ್ನ ಕೂಗ್ತಾರೆ ಮಾವ?”

“ನಂಗೂ ತಿಳೀದು ಕಣವ್ವ. ಯಾರ್ನ ಕೂಗುದ್ರೂ ನೀನೇ ಕೈಯೆತ್ತು. ನಾನಂತೂ ಬರಾಕಿಲ್ಲ.”

ಮಳವಳ್ಳಿ ಬಸ್ಸು ಬಂತು. ಹುಡುಗಿ ಫೋನನ್ನು ಲಂಗಕ್ಕೆ ಒರೆಸಿ, ಗೌಡರ ಕೈಗಿಟ್ಟು, ಬಸ್ಸು ಹತ್ತಿದಳು.