ನೀಲ ಬಂದ್ಲಾ?

ಕೊಡಗು ಮೈಸೂರಿಗೆ ಸೇರಿದ ಮರುವರ್ಷ. ಸಂಪಾಜೆಯಲ್ಲಿ ಬಸ್ಸಿಗೆ ನಿಂತಿದ್ದ ನೀಲಾವತಿ, ಪಕ್ಕದ ಇಬ್ಬರು ಹೆಂಗಸರು ಬೊಳ್ಳಮ್ಮನ ಹೆಸರೆತ್ತಿದಾಗ ಕಿವಿಗೊಟ್ಟಳು. ಎಸ್ಟೇಟಿನ ಕೂಲಿಗಳ ಲೈನುಮನೆಯಿಂದ ಅನಾಥೆಯಾದ ಅವಳನ್ನು ತಂದು ಸಾಕಿದವರು ಬೊಳ್ಳಮ್ಮ. ಈಗ ಅವಳು ಹೊರಟಿದ್ದೂ ಅವರನ್ನು ನೋಡಲಿಕ್ಕೇ.

“ಎಂಬತ್ತೆಂಟು ವರ್ಷ ಬಾಳಿದ್ರು. ಮೂರೂರಿನ ಹೆರಿಗೆ ಅವರ ಕೈಯಲ್ಲೇ.”

“ಮೊನ್ನೆ ತಿಥಿಗೆ ಮೂರೂರೂ ಸೇರಿತ್ತಲ್ಲ.”

“ಸೇರಿ ಏನು? ಕೊನೆಗೆ ‘ನೀಲ ಬಂದ್ಲಾ’ ಅಂತ ಬಾಗಿಲನ್ನೇ ನೋಡ್ತಿದ್ರು.”

“ಹೇಳಿ ಕಳಿಸ್ಲಿಲ್ವಾ?”

“ಆಳು ಹೊರಟಿದ್ದ. ಮಗ ಪೂವಯ್ಯ ತಡೆದ. ‘ಲೈನಿನವಳು ನಮ್ಗೆ ಏನಾಗ್ಬೇಕು?’ ಅಂದ.”

“ಅಮ್ಮನಿಗೆ ಏನು ಹೇಳ್ದ?”

“ಕರೆದ್ರೂ ಅವಳು ಬರಲ್ಲ ಅಂದ್ಲು, ಅಂತ.”

“ನಂಬಿದ್ರಾ?”

“ಆಮೇಲೆ ಕೇಳ್ಲೇ ಇಲ್ಲ.”

ಬಸ್ಸು ಬಂತು. ಹೆಂಗಸರು ಹತ್ತಿದರು. “ನೀವು ಬರಲ್ವಾ?” ಎಂದು ಒಬ್ಬಳು ಕಿಟಕಿಯಿಂದ ಕೇಳಿದಳು.