ಮನೆಗೆ ಬನ್ನಿ ಅಂದದ್ದಕ್ಕೆ

ಆ ಲೈಟ್ ಆರಿಸಬೇಡಿ, ಇರಲಿ. ಇದು ನನ್ನ ಚಿಕ್ಕಪ್ಪನ ಮಗ ಮೌಳಿಗೇ ಆಗಿದ್ದು. ಚಂದ್ರಮೌಳಿ. ಸುಳ್ಳು ಹೇಳೋಕೆ ಬರದ ಪ್ರಾಣಿ ಅದು.

ಹೋದ ಅಕ್ಟೋಬರ್. ಆಗಿನ್ನೂ ಅವನದು ಶಿಕಾಗೋ ಹತ್ತಿರ ಎಲ್ಕ್ ಗ್ರೋವ್‌ನಲ್ಲೇ ಮನೆ. ಕಾರು ರಿಪೇರಿಗೆ ಬಿಟ್ಟಿದ್ದ. ರಾತ್ರಿ ಡೇಟಾ ಸೆಂಟರ್ ಶಿಫ್ಟ್ ಮುಗಿಸಿ ಬರುವಾಗ ಕಲೀಗ್ ಒಬ್ಬ ಬಡಾವಣೆ ಬಾಯಲ್ಲೇ ಇಳಿಸಿ ಹೋದ. ಅಲ್ಲಿಂದ ಮನೆಗೆ ಕೊಳದ ಪಕ್ಕದ ದಾರಿ. ಮಳೆನೀರು ನಿಲ್ಲೋಕೆ ಬಿಲ್ಡರ್ ತೋಡಿಸಿದ ಕೊಳ, ಬಾತುಕೋಳಿ ಬಿಟ್ರೆ ಏನೂ ಇಲ್ಲ.

ಗಾಳಿ ಒಂದು ಚೂರೂ ಇರಲಿಲ್ಲ. ಆದರೂ… ಟಿಣ್. ಟಿಣ್. ಕಬ್ಬಿಣದ ಕಂಬಕ್ಕೆ ಹಗ್ಗದ ಕೊಂಡಿ ಬಡಿಯೋ ಸದ್ದು.

ಮೌಳಿ ನಿಂತುಬಿಟ್ಟ. ಕೊಳದ ಹತ್ತಿರ ಕಂಬ ಎಲ್ಲಿಂದ ಬರಬೇಕು? ಆದರೆ ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು.

ಜೂನ್‌ನಲ್ಲಿ ವೇಲ್ಸ್ ಕರಾವಳಿಗೆ ಹೋಗಿದ್ದ, ಹಾಯಿದೋಣಿಯಲ್ಲಿ, ದುಡ್ಡು ಕೊಟ್ಟು ಕೂಲಿ ಮಾಡೋಕೆ! ಈಜು ಬರದವನಿಗೆ ಯಾಕೋ ಈ ಹುಚ್ಚು ಅಂತ ನಾವೆಲ್ಲ ಬೈದಿದ್ವಿ. ಅಲ್ಲಿ ಒಂದು ದ್ವೀಪಕ್ಕೂ ದಡಕ್ಕೂ ನಡುವೆ ಇಕ್ಕಟ್ಟಾದ ಜಾಗ. ಉಬ್ಬರ ಇಳಿತದ ಹೊತ್ತಿಗೆ ಸಮುದ್ರವೇ ಹೊಳೆ ಥರ ನುಗ್ಗುತ್ತಂತೆ. ನೀರು ತಿರುಗಲಿ ಅಂತ ಲಂಗರು ಹಾಕಿ ಕಾಯ್ತಿದ್ರು. ರಾತ್ರಿ ಕಾವಲು ಮೌಳಿದು. ತಲೆ ಮೇಲೆ ಹಾಯಿಕಂಬಕ್ಕೆ ಹಗ್ಗದ ಕೊಂಡಿ ಟಿಣ್ ಟಿಣ್… ತೂಕಡಿಸಿಬಿಟ್ಟ.

ಹಳದಿ ಮಳೆಕೋಟಿನ ಮುದುಕನೊಬ್ಬ ಭುಜ ಅಲುಗಿಸಿದ.

"ಲಂಗರು ಜಾರ್ತಿದೆ," ಅಂದ. ಪಿಸುಮಾತು.

ಮೌಳಿ ಕಿರುಚಿಕೊಂಡ, ಎಲ್ಲರೂ ಎದ್ರು, ದೋಣಿ ಬಂಡೆಗೆ ಬಡಿಯೋದು ತಪ್ಪಿತು. ಆಮೇಲೆ ಮುದುಕನ ಕೈ ಹಿಡ್ಕೊಂಡು, "ಶಿಕಾಗೋ ಕಡೆ ಬಂದ್ರೆ ನಮ್ಮನೆಗೆ ಬರ್ಲೇಬೇಕು" ಅಂದ. ನಾವು ಯಾರಿಗೆ ಅನ್ನಲ್ಲ ಹೇಳಿ! ಬೆಳಿಗ್ಗೆ ಕ್ಯಾಪ್ಟನಮ್ಮ ಹೇಳಿದ್ಲಂತೆ, ಈ ಬೋಟಲ್ಲಿ ಮುದುಕರೇ ಇಲ್ಲವಲ್ಲಪ್ಪ ಅಂತ.

ಅದೇ ಸದ್ದು ಈಗ ಕೊಳದ ಮೇಲೆ. ಮೌಳಿ ಫೋನಿನ ಬೆಳಕು ಬಿಟ್ಟ. ಕೊಳದ ನೀರು ಇಳಿದು ದಡದುದ್ದಕ್ಕೂ ಬರೀ ಕೆಸರು. ಕೆಸರಿನಿಂದೆದ್ದ ಒದ್ದೆ ಹೆಜ್ಜೆ ಸೀದಾ ಅವನ ಮನೆ ಕಡೆಗೆ. ಒಳಗೆ ಹೆಂಡತಿ ಅನು, ಏಳು ವರ್ಷದ ವಿಭಾ. ಅಯ್ಯೋ ಮಗು ಅಂತ ಬಿದ್ದಂಬೀಳ ಓಡಿದ.

ಬಾಗಿಲು ಹಾರುಹೊಡೆದಿತ್ತು. ವಿಭಾ ಮೆಟ್ಟಿಲ ಮೇಲೆ ಕೂತಿದ್ಲು.

"ಶ್… ಅಮ್ಮ ಮಲಗಿದಾಳೆ. ಯುವರ್ ಫ್ರೆಂಡ್ ಕೇಮ್, ಅಪ್ಪಾ."

"ಯಾವ ಫ್ರೆಂಡು ಪುಟ್ಟಿ?"

"ಯೆಲ್ಲೋ ಕೋಟ್. ಹೀ ವಾಸ್ ಸೋ ವೆಟ್."

"ಏನಂದ?"

"ನೀನು ಇನ್ವೈಟ್ ಮಾಡಿದ್ಯಂತೆ. ಈಗ ನಾವು ಅವರ ಮನೆಗೆ ಹೋಗ್ಬೇಕಂತೆ."

"ನೀನೇನಂದೆ?"

ಮನೆಗೆ ಬಂದೋರು ಕರೆದ್ರೆ ಬೇಡ ಅನ್ನಬಾರದು, ಬರ್ತೀನಿ ಅನ್ನಬೇಕು… ಕಲಿಸಿದ್ದೇ ಇವನು.

"ಐ ಸೆಡ್ ಬರ್ತೀನಿ."

ಮೌಳಿ ಆ ಮನೆಯಲ್ಲಿ ಮತ್ತೆ ನಿದ್ದೆ ಮಾಡಲಿಲ್ಲ. ಡಿಸೆಂಬರ್‌ಗೆಲ್ಲ ಬೇರೆ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದುಬಿಟ್ರು. ಸುತ್ತ ಕೊಳ ಇಲ್ಲ, ಹಳ್ಳ ಇಲ್ಲ ಅಂತ ನೋಡೀನೋಡಿ ತಗೊಂಡ ಮನೆ. ಹೋದ ವಾರ ನಾನು ಅಲ್ಲೇ ಬೇಸ್‌ಮೆಂಟಲ್ಲಿ ಮಲಗಿದ್ದೆ. ಹೊರಗೆ ನೆಲ ಕಲ್ಲಾಗಿ ಹೆಪ್ಪುಗಟ್ಟಿದೆ, ಮಳೆ ಇಲ್ಲ ಏನಿಲ್ಲ. ಆದರೂ ರಾತ್ರಿ, ನೆಲದಡಿ ಸೋರಿದ ನೀರು ಹೊರಹಾಕೋ ಸಂಪ್ ಪಂಪ್ ಗುರ್ರ್… ಅಂತ ಶುರುವಾಯ್ತು. ಎದ್ದು ಅದರ ಗುಂಡಿಗೆ ಬಗ್ಗಿ ನೋಡಿದೆ. ನೀರು ಏರ್ತಿತ್ತು. ಬೆರಳದ್ದಿ ನಾಲಿಗೆಗೆ ಇಟ್ಟೆ. ಉಪ್ಪು. ಗಡಸು ನೀರು ಮೆದು ಮಾಡೋ ವಾಟರ್ ಸಾಫ್ಟನರ್ ಉಪ್ಪು ಅಂತೀರಾ? ಸರಿ, ಅನ್ಕೊಳ್ಳಿ.

ವಿಭಾ ಮಲಗೋ ಮುಂಚೆ ತನ್ನ ರೇನ್‌ಬೂಟ್ಸ್ ತಂದು ಆ ಗುಂಡಿ ಪಕ್ಕ ಜೋಡಿಸಿಟ್ಟು ಹೋಗ್ತಾಳೆ. ಯಾಕಮ್ಮ ಅಂತ ಕೇಳಿದ್ದಕ್ಕೆ, "ಪ್ರಾಮಿಸ್ ಮಾಡಿದೀನಲ್ಲ ದೊಡ್ಡಪ್ಪ" ಅಂದ್ಲು. ಮೌಳಿ ದಿನಾ ಅದನ್ನ ಎತ್ತಿ ಕಪಾಟಲ್ಲಿಟ್ಟು ಬೀಗ ಹಾಕ್ತಾನೆ.

ಆ ಪಂಪ್ ಶುರುವಾದ ರಾತ್ರಿ ಕಳೆದು ಬೆಳಿಗ್ಗೆ ಕಪಾಟಿನ ಬೀಗ ತೆಗೆದವನು ನಾನೇ. ದೇವರಾಣೆ, ನಾನೇ ಕೈ ಹಾಕಿ ನೋಡಿದೀನಿ. ಬೂಟು ಒಳಗೆಲ್ಲ ಒದ್ದೆ. ಎಡಗಾಲಿನದರಲ್ಲಿ ಒಂದು ಕಪ್ಪೆಚಿಪ್ಪು ಇತ್ತು.