ಮರದ ಕುದುರೆ ಮೇಲೆ ಕೂತ ರೇಷ್ಮೆ ಚಲ್ಲಣ

ಬನ್ರಪ್ಪಾ, ಬನ್ನಿ. ಕೂತೋರು ಸ್ವಲ್ಪ ಸರಿದು ನಿಂತೋರಿಗೆ ಜಾಗ ಕೊಡಿ. ಹೂಂಗುಡೋಕೆ ಒಬ್ಬರು ಬೇಕು, ಆಕಳಿಸೋರು ಬೇಡ. ಮೊದಲೇ ಹೇಳ್ಬಿಡ್ತೀನಿ, ಇವತ್ತಿನದು ಸಿಟ್ಟಿನ ಕಥೆ. ಹೇಳ್ತಾ ಹೇಳ್ತಾ ನನ್ನ ದನಿ ಏರುತ್ತೆ. ನಮಗೇ ಬೈತಿದಾನೆ ಅಂತ ಯಾರೂ ಎದ್ದು ಹೋಗ್ಬೇಡಿ. ನಿಮಗೂ ಬೈತಿರಬಹುದು, ಅದನ್ನ ಕಡೇಲಿ ನೋಡ್ಕೊಳ್ಳೋಣ.

ಒಂದು ನಾಡು. ಹೆಸರು ಕೇಳ್ಬೇಡಿ, ಹೇಳಿದ್ರೆ ಜಗಳ ಆಗುತ್ತೆ. ಆ ನಾಡಿಗೊಂದು ಹೊಳೆ. ಎಂಥಾ ಹೊಳೆ? ಬೇಸಿಗೇಲಿ ಮಂಡಿಯುದ್ದ, ಮಳೆಗಾಲದಲ್ಲಿ ಮನೆಯುದ್ದ. ಮೇಲಿನ ಗುಡ್ಡದಲ್ಲಿ ಮಳೆ ಹೊಡೆದ್ರೆ ಕೆಳಗಿನ ಹಳ್ಳಿಗಳಿಗೆ ಗೊತ್ತೇ ಆಗ್ತಿರಲಿಲ್ಲ. ಇಲ್ಲಿ ಬಿಸಿಲು. ಜನ ಹೊಳೇಲಿ ಬಟ್ಟೆ ಒಗೀತಿರೋರು, ಎಮ್ಮೆ ಮೈ ತೊಳೀತಿರೋರು. ಅಷ್ಟರಲ್ಲಿ ನೀರು ಬಂದು ಬಟ್ಟೆನೂ ಎಮ್ಮೆನೂ ಮನುಷ್ಯರನ್ನೂ ಹೊತ್ಕೊಂಡು ಹೋಗೋದು. ಅದಕ್ಕೇ ದೊರೆ ಒಬ್ಬ ಸವಾರನ್ನ ಇಟ್ಟಿದ್ದ. ಗುಡ್ಡದ ಮೇಲೆ ನಗಾರಿ ಬಡಿದ್ರೆ ಸಾಕು, ಸವಾರ ಕುದುರೆ ಹತ್ತಬೇಕು. ನೀರಿಗಿಂತ ಮುಂಚೆ ಹಳ್ಳಿ ಹಳ್ಳಿಗೆ ಹೋಗಿ, "ನೀರು ಬಂತು, ಮೇಲಕ್ಕೆ ಹತ್ರೋ!" ಅಂತ ಕೂಗಬೇಕು.

ಆ ಸವಾರನ ಹೆಸರು ಸಣ್ಣೀರಪ್ಪ. ಅವನ ಕುದುರೆ ಕೆಂದಿ, ಕೆಂಪು ಮೈಯಿನ ಹೆಣ್ಣು ಕುದುರೆ. ಕುದುರೆ ಅರಮನೆದು, ಕಟ್ಟಿದ್ದು ಸಣ್ಣೀರಪ್ಪನ ಮನೇಲಿ. ಹುರುಳಿ ಬೇಯಿಸಿ ಹಾಕೋಳು ಯಾರು? ಅವನ ಮಗಳು ಹಾಲವ್ವ. ಮೈ ತಿಕ್ಕೋಳು ಯಾರು? ಹಾಲವ್ವ. ಅಪ್ಪ ಮಲಗಿದಾಗ ಹತ್ತಿ ಹೊಳೆದಂಡೆ ಉದ್ದಕ್ಕೂ ಓಡಿಸ್ಕೊಂಡು ಬರೋಳು ಯಾರು? ನೀವೇ ಹೇಳಿ. ಹಾಂ, ಹಾಲವ್ವ.

ಒಂದು ದಿನ ಸಣ್ಣೀರಪ್ಪ ಹುಲ್ಲಿನ ಬಣವೆ ಮೇಲಿಂದ ಬಿದ್ದ. ಸೊಂಟ ಮುರೀತು, ಕಾಲು ಸೋತವು. ಮುಂಗಾರು ಇನ್ನೇನು ಬರೋದರಲ್ಲಿತ್ತು. ಆ ನಾಡಿನ ಕಟ್ಟಳೆ ಏನು ಗೊತ್ತಾ? ಮುಂಗಾರಿಗೆ ಮುಂಚೆ ಸವಾರ ಅನ್ನಿಸ್ಕೊಂಡೋರು ಸವಾರಿ ಉಡುಪು ತೊಟ್ಟು ದೊರೆ ಮುಂದೆ ನಿಲ್ಲಬೇಕು. ನಿಲ್ಲದಿದ್ರೆ ಕುದುರೆ ಆ ಮನೆಯಿಂದ ಹೊರಗೆ.

"ಅಪ್ಪಾ, ನಾನು ನಿಲ್ತೀನಿ" ಅಂದ್ಲು ಹಾಲವ್ವ.

"ನಿಲ್ಲು ಮಗಳೇ. ಕೆಂದಿ ಬೇರೆ ಯಾರ ಮಾತೂ ಕೇಳಲ್ಲ. ಆದ್ರೆ ಸೀರೇಲಿ ನಿಂತ್ರೆ ಒಪ್ಪಲ್ಲ ಅವರು. ಉಡುಪು ತಗೊಂಡು ಬಾ."

ಅಪ್ಪನ ಹಳೇದು ಇರಲಿಲ್ವಾ ಅಂತ ಕೇಳ್ತೀರಿ. ಇತ್ತು. ಬಿದ್ದ ದಿನ ಮೂಳೆ ಕಟ್ಟೋನು ಅದನ್ನ ಕತ್ತರಿಸೇ ಬಿಚ್ಚಿದ್ದ.

ಸತ್ತುಹೋದ ಅವ್ವನ ಬೆಳ್ಳಿ ಕಾಲ್ಕಡಗ ಒಂದು ಜೊತೆ ಪೆಟ್ಟಿಗೇಲಿತ್ತು. ಅದನ್ನ ಸೆರಗಲ್ಲಿ ಕಟ್ಕೊಂಡು ಹಾಲವ್ವ ಪೇಟೆಗೆ ಹೊರಟ್ಲು. ಸವಾರಿ ಉಡುಪು ಮಾರೋ ಅಂಗಡಿ ಪೇಟೇಲಿ ಒಂದೇ, ಮಾಲಿಂಗಪ್ಪಂದು. ಆ ಅಂಗಡಿ ನಡುಮಧ್ಯೆ ಒಂದು ಮರದ ಕುದುರೆ. ಮರದ ಕಾಲು, ಮರದ ಬೆನ್ನು, ಅರಗು ಬಳಿದು ಥಳ ಥಳ ಅನ್ನೋ ಹಾಗೆ ಮಾಡಿದ್ರು. ಉಡುಪು ಬೇಕಾದೋರು ಅದರ ಮೇಲೆ ಹತ್ತಿ ಕೂರಬೇಕು. ಮಾಲಿಂಗಪ್ಪ ಸುತ್ತ ಬಂದು ನೋಡಿ, ಅಳೆದು, ಹೊಲಿಸಿ, ಮತ್ತೆ ಹತ್ತಿಸಿ, "ಕೂತಿದೆ!" ಅನ್ನಬೇಕು. ಅಂದು ಸೊಂಟಕ್ಕೊಂದು ಹಳದಿ ದಾರ ಕಟ್ಟಬೇಕು. ಹಳದಿ ದಾರ ಇಲ್ಲದ್ದು ಉಡುಪೇ ಅಲ್ಲ.

"ಯಾರಿಗವ್ವಾ ಉಡುಪು?" ಅಂದ ಮಾಲಿಂಗಪ್ಪ.

"ನನಗೆ ಸಾವ್ಕಾರ್ರೇ."

ಮಾಲಿಂಗಪ್ಪ ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ. "ಹೆಂಗಸರು ಈ ಕುದುರೆ ಹತ್ತೋ ಹಾಗಿಲ್ಲ ತಾಯಿ. ನಿಮ್ಮ ಮನೆ ಗಂಡಸರನ್ನ ಕರ್ಕೊಂಡು ಬಾ. ಅವರನ್ನ ಕೂರಿಸಿ ಅಳತೆ ತಗೋತೀನಿ. ನೀನು ಹಾಕ್ಕೋ."

ಬೇರೆಯೋರ ಅಳತೆ, ಇವಳ ಮೈ! ಕೇಳಿದ್ರಾ? ಹಾಲವ್ವನಿಗೆ ಸಿಟ್ಟು ಬಂತಾ? ಬಂತು. ನುಂಗಿದ್ಲಾ? ನುಂಗಿದ್ಲು. ಯಾಕೆ? ಕೆಂದಿ ಉಳೀಬೇಕಲ್ಲ.

ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳಿಗೆ ಗಂಡಸು ಅಂತ ಇದ್ದೋನು ದೊಡ್ಡಪ್ಪನ ಮಗ ಓಬಳೇಶ ಒಬ್ಬನೇ. ಓಬಳೇಶ ಎಂಥೋನು? ಕುದುರೆಗೆ ನೀರು ಕುಡಿಸಿದೋನಲ್ಲ, ಲದ್ದಿ ಎತ್ತಿದೋನಲ್ಲ, ಕನಸಲ್ಲೂ ಸವಾರಿ ಮಾಡಿದೋನಲ್ಲ. ಆದ್ರೆ ಕನ್ನಡಿ ಸಿಕ್ಕಿದ್ರೆ ಬಿಡೋನಲ್ಲ. ಅವನನ್ನ ಬೇಡಿ ಕರ್ಕೊಂಡು ಬಂದ್ಲು. ಅವನು ಮರದ ಕುದುರೆ ಹತ್ತಿದ, ಮೀಸೆ ತಿರುವಿದ, ಎದೆ ಉಬ್ಬಿಸಿದ.

"ಸಾವ್ಕಾರ್ರೇ, ದಪ್ಪ ಹತ್ತಿ ಬಟ್ಟೆ ಕೊಡಿ" ಅಂದ್ಲು ಹಾಲವ್ವ. "ಮಂಡಿ ಹತ್ರ ಬಿಗಿಯಾಗಿರಲಿ. ತೊಡೆ ಒಳಗಡೆ ಹೊಲಿಗೆ ಬೇಡ, ಚರ್ಮ ಕೀಳುತ್ತೆ."

ಮಾಲಿಂಗಪ್ಪ ಅವಳ ಕಡೆ ತಿರುಗಲೇ ಇಲ್ಲ. ಓಬಳೇಶನ್ನ ಕೇಳಿದ, "ರೇಷ್ಮೆ ಆಗಬಹುದಾ ತಮ್ಮಾ?"

"ಆಗಬಹುದು ಮಾವಾ. ಜರಿ ಅಂಚು ಇರಲಿ. ಕೆಳಗಡೆ ಅಗಲ ಬಿಡಿ. ಮಂಡಿಗೆ ಗೆಜ್ಜೆ ಕಟ್ಟಿಸಿ, ಓಡ್ತಾ ಇದ್ರೆ ಗಲಗಲ ಅನ್ನಲಿ."

"ಹಾಕ್ಕೊಳ್ಳೋಳು ನಾನು!" ಅಂದ್ಲು ಹಾಲವ್ವ.

"ದೊಡ್ಡೋರು ಮಾತಾಡೋವಾಗ ಸುಮ್ನಿರು" ಅಂದ ಓಬಳೇಶ. ಬಾಯಿ ತೆಗೆದ್ರೆ ಅಂಗಡಿ ಬಾಗಿಲು ಆ ಕಡೆ ಇದೆ ಅಂದ ಮಾಲಿಂಗಪ್ಪ.

ಸಿಟ್ಟು ಬಂತಾ? ಬಂತು. ನುಂಗಿದ್ಲಾ? ನುಂಗಿದ್ಲು, ಆದ್ರೆ ಗಂಟಲಲ್ಲೇ ನಿಂತ್ಕೊಳ್ತು. ಅವ್ವನ ಕಾಲ್ಕಡಗ ಒಂದನ್ನ ಬಿಚ್ಚಿ ಕೊಟ್ಲು. ಉಡುಪು ಹೊಲಿದಾಯ್ತು, ಓಬಳೇಶ ಹತ್ತಿ ಕೂತ, ಮಾಲಿಂಗಪ್ಪ "ಕೂತಿದೆ!" ಅಂತ ಹಳದಿ ದಾರ ಕಟ್ಟಿದ.

ಮನೆಗೆ ಬಂದು ಹಾಲವ್ವ ಅದನ್ನ ತೊಟ್ಟು ಕೆಂದಿನ ಹತ್ತಿದ್ಲು. ಏನಾಯ್ತು? ರೇಷ್ಮೆ ಜೀನಿನ ಮೇಲೆ ಎಣ್ಣೆ ಹಚ್ಚಿದ ಹಾಗೆ ಜಾರ್ತು. ಜರಿ ತೊಡೆ ತರೀತು. ಗೆಜ್ಜೆ ಗಲ್ಲೆಂದಿದ್ದೇ ಕೆಂದಿ ಬೆದರಿದ್ಲು. ಹಾಲವ್ವ ಜಾಲಿ ಮುಳ್ಳಿನ ಮೇಲೆ ಬಿದ್ಲು. ಹುಟ್ಟಿದಾಗಿಂದ ಕೆಂದಿ ಮೇಲಿಂದ ಬಿದ್ದೋಳಲ್ಲ, ಅವತ್ತು ಬಿದ್ಲು.

ಕುಂಟ್ಕೊಂಡೇ ಅಂಗಡಿಗೆ ಹೋದ್ಲು. ಮಾಲಿಂಗಪ್ಪ ಉಡುಪನ್ನ ತಿರುವಿ ಮುರುವಿ ನೋಡಿದ. ಮರದ ಕುದುರೆ ಬೆನ್ನು ತಟ್ಟಿದ.

"ಇದರ ಮೇಲೆ ಚೆನ್ನಾಗೇ ಕೂತಿತ್ತಲ್ಲವ್ವಾ. ಉಡುಪಲ್ಲಿ ತಪ್ಪಿಲ್ಲ. ತಪ್ಪು ನಿನ್ನ ಕುದುರೆದು."

ಕೇಳಿದ್ರೇನ್ರಪ್ಪಾ? ಉಸಿರಾಡೋ ಕುದುರೆದು ತಪ್ಪಂತೆ! ಬೆವರೋ ಕುದುರೆದು ತಪ್ಪಂತೆ! ಮಳೆ ಗಾಳೀಲಿ ಜೀವ ಕೈಲಿ ಹಿಡ್ಕೊಂಡು ಓಡಿ ಹಳ್ಳಿ ಉಳಿಸೋ ಕುದುರೆದು ತಪ್ಪಂತೆ! ಹೂಂ ಅನ್ನಿ, ನನಗೆ ಮೈ ಉರೀತಿದೆ. ಹಾಲವ್ವನಿಗೆ ಸಿಟ್ಟು ಬಂತಾ? ಬಂತು. ನುಂಗಿದ್ಲಾ?

ಇಲ್ಲ. ಈ ಸಲ ನುಂಗಲಿಲ್ಲ.

ಮಾರನೇ ದಿನ ಬೆಳಗ್ಗೆ ಪೇಟೆ ತುಂಬಾ ಜನ ಇರೋವಾಗ ಕೆಂದಿ ಲಗಾಮು ಹಿಡ್ಕೊಂಡು ಬಂದ್ಲು. ಮೆಟ್ಟಿಲು ಹತ್ತಿಸಿ, ಬಾಗಿಲು ದಾಟಿಸಿ, ಸೀದಾ ಅಂಗಡಿ ಒಳಗೆ ತಂದು ಮರದ ಕುದುರೆ ಪಕ್ಕದಲ್ಲಿ ನಿಲ್ಲಿಸಿದ್ಲು. ಮಾಲಿಂಗಪ್ಪ ಗಲ್ಲಾಪೆಟ್ಟಿಗೆ ಹಿಂದೆ ಕೂತ್ಬಿಟ್ಟ.

"ತಪ್ಪು ನನ್ನ ಕುದುರೆದು ಅಂದ್ರಲ್ಲ ಸಾವ್ಕಾರ್ರೇ. ಕರ್ಕೊಂಡು ಬಂದಿದೀನಿ. ಏನು ತಪ್ಪು ಅಂತ ಅವಳಿಗೇ ಹೇಳಿ."

ಮಾಲಿಂಗಪ್ಪ ಬಾಯಿ ತೆಗೆಯೋದ್ರೊಳಗೆ ಕೆಂದಿನೇ ಹೇಳಿದ್ಲು. ಬಾಲ ಎತ್ತಿ, ಹಾಸಿದ್ದ ರೇಷ್ಮೆ ಥಾನಿನ ಮೇಲೆ ಲದ್ದಿ ಹಾಕಿದ್ಲು. ಬೀದಿಲಿದ್ದ ಜನ ಕೇಕೆ ಹಾಕಿದ್ರು.

"ನಾನು ಇವಳ ಮೇಲೆ ಕೂರ್ತೀನಿ. ಇಲ್ಲೇ ಅಳತೆ ತಗೊಳ್ಳಿ" ಅಂದ್ಲು ಹಾಲವ್ವ.

"ಆಗಲ್ಲ! ನಮ್ಮಪ್ಪ ಮಾಡಿದ್ದಲ್ಲ, ನಮ್ಮಜ್ಜ ಮಾಡಿದ್ದಲ್ಲ. ಹೊರಗೆ ಹೋಗು! ದಾರ ಇಲ್ಲದೆ ದೊರೆ ಮುಂದೆ ಹೇಗೆ ನಿಲ್ತೀಯೋ ನೋಡ್ತೀನಿ!"

"ನಿಮ್ಮ ದಾರ ನಿಮ್ಮ ಮರಕ್ಕೇ ಕಟ್ಕೊಳ್ಳಿ" ಅಂದು ರೇಷ್ಮೆ ಉಡುಪನ್ನ ಅವನ ಮುಂದೆ ಎಸೆದು ಹೊರಟ್ಲು.

ಹೊರಟೋಳು ಪೇಟೆಯೆಲ್ಲಾ ಸುತ್ತಿದ್ಲು, ಕೆಂದಿನೂ ಜೊತೇಲಿ. ಕಂಬಳಿ ಮಾರೋರ ಹತ್ರ ಹೋದ್ಲು. ಕಂಬಳಿ ಬಟ್ಟೆ ಜೀನಿನ ಮೇಲೆ ಹಾಸಿ ಹತ್ತಿ ಕೂತ್ಲು, ಬೀದಿ ತುದಿವರೆಗೆ ಓಡಿಸಿದ್ಲು. ಚುಚ್ಚಿತು, ಬೇಡ. ಸೀರೆ ಮಾರೋರ ಹತ್ರ ಹೋದ್ಲು. ನೂಲು ನಯ, ಒಂದೇ ಓಟಕ್ಕೆ ಪಿಸಿದು ಹೋಯ್ತು, ಬೇಡ. ಕಡೇಗೆ ಡೇರೆ ಹೊಲಿಯೋರ ಓಣಿಗೆ ಹೋದ್ಲು. ಡೇರೆ ಬಟ್ಟೆ, ಒರಟು ಹತ್ತಿ, ಮಳೆಗೂ ಗಾಳಿಗೂ ಬಗ್ಗದ್ದು. ಹಾಸಿ ಕೂತ್ಲು. ಜಾರಲಿಲ್ಲ. ಓಡಿಸಿದ್ಲು. ಹರೀಲಿಲ್ಲ. ಕೆಂದಿ ಬಟ್ಟೆನ ಮೂಸಿ ನೋಡಿ ಸುಮ್ಮನೆ ನಿಂತ್ಲು.

"ಇದು ಸಾಕು" ಅಂದ್ಲು ಹಾಲವ್ವ. ಅವ್ವನ ಇನ್ನೊಂದು ಕಾಲ್ಕಡಗ ಅಲ್ಲಿ ಕೊಟ್ಲು. ಮೊದಲನೇದು ಕೊಟ್ಟಾಗ ಹೊಟ್ಟೆ ಉರಿದಿತ್ತು. ಇದನ್ನ ಕೊಟ್ಟಾಗ ಉರೀಲಿಲ್ಲ. ಡೇರೆ ಹೊಲಿಯೋ ಅಜ್ಜಿ ಅವಳನ್ನ ಕೆಂದಿ ಮೇಲೆ ಕೂರಿಸಿಯೇ ಅಳತೆ ತಗೊಂಡ್ಲು. ತೊಡೆ ಒಳಗಡೆ ಹೊಲಿಗೆ ಬರದ ಹಾಗೆ ಚಲ್ಲಣ, ಮೈಗಂಟಿದ ಅಂಗಿ, ಸೊಂಟಕ್ಕೆ ಒಂದು ಕಟ್ಟು. ಬಣ್ಣ ಏನು? ಮಣ್ಣಿನ ಬಣ್ಣ.

ದೊರೆ ಮುಂದೆ ನಿಲ್ಲೋ ದಿನ ಬಂತು. ಹೊಳೆದಂಡೇಲಿ ಚಪ್ಪರ, ಚಪ್ಪರದಲ್ಲಿ ದೊರೆ, ಪಕ್ಕದಲ್ಲಿ ಮಾಲಿಂಗಪ್ಪ. ಹಾಲವ್ವ ಕೆಂದಿ ಜೊತೆ ಬಂದು ನಿಂತ್ಲು. ಇನ್ನೊಂದು ಕಡೆಯಿಂದ ಗಲಗಲ ಅಂತ ಯಾರು ಬಂದ್ರು? ಓಬಳೇಶ! ಅದೇ ರೇಷ್ಮೆ, ಅದೇ ಜರಿ, ಸೊಂಟಕ್ಕೆ ಅದೇ ಹಳದಿ ದಾರ. ಮಾಲಿಂಗಪ್ಪ ಲದ್ದಿ ಸೇಡಿಗೆ ಉಡುಪನ್ನ ಅವನಿಗೆ ಪುಕ್ಕಟೆ ಕೊಟ್ಟಿದ್ದ.

"ದೊರೆಗಳೇ, ಚಿಕ್ಕಪ್ಪನ ಮನೆ ಸವಾರ ನಾನು. ಕುದುರೆ ನನಗೆ ಕೊಡಿ" ಅಂದ ಓಬಳೇಶ.

"ಈ ಹುಡುಗಿ ತೊಟ್ಟಿದ್ದು ಉಡುಪಲ್ಲ ಬುದ್ಧಿ, ಡೇರೆ" ಅಂದ ಮಾಲಿಂಗಪ್ಪ. "ಮರದ ಕುದುರೆ ಮೇಲೆ ಕೂತಿಲ್ಲ. ದಾರ ಇಲ್ಲ."

ದೊರೆ ನೋಡಿದ. ಏನು ನೋಡಿದ? ಹಾಲವ್ವನ ಅಂಗೈಲಿ ಲಗಾಮು ತಿಕ್ಕಿ ದಡ್ಡುಗಟ್ಟಿದ್ದು ನೋಡಿದ್ನಾ? ಇಲ್ಲ. ಕೆಂದಿ ಅವಳ ಭುಜಕ್ಕೆ ಮೂತಿ ಒರಗಿಸಿದ್ದು ನೋಡಿದ್ನಾ? ಇಲ್ಲ. ದಾರ ನೋಡಿದ.

"ಕಟ್ಟಳೆ ಕಟ್ಟಳೆಯೇ. ಲಗಾಮು ಅವನಿಗೆ ಕೊಡು" ಅಂದ.

ಹಾಲವ್ವನ ಕಣ್ಣಲ್ಲಿ ನೀರು ಬಂತು. ಅಳು ಅಂದ್ಕೋಬೇಡಿ, ಸಿಟ್ಟು ಹೆಚ್ಚಾದ್ರೂ ಕಣ್ಣು ತುಂಬುತ್ತೆ. "ಕೊಡ್ತೀನಿ ದೊರೆಗಳೇ" ಅಂದ್ಲು. "ಅವನ ಉಡುಪು ಕೂತಿದ್ದು ಮರದ ಕುದುರೆ ಮೇಲೆ. ನೀರು ಬಂದ ದಿನ ಅದನ್ನೇ ಹತ್ತಿ ಓಡೋಕೆ ಹೇಳಿ." ಲಗಾಮನ್ನ ಓಬಳೇಶನ ಕೈಗೆ ಹಾಕಿದ್ಲು.

ಅವನು ಹಿಡ್ಕೊಂಡ್ನೋ ಇಲ್ವೋ, ಗುಡ್ಡದ ಮೇಲಿಂದ ಧಡ್ ಧಡ್ ಧಡ್! ನಗಾರಿ!

ಇಲ್ಲಿ ಬಿಸಿಲು, ಅಲ್ಲಿ ಮಳೆ. ಈ ವರ್ಷ ಮುಂಗಾರು ಮುಂಚೆನೇ ಬಂದಿತ್ತು. "ಹತ್ತೋ ಸವಾರ, ಹತ್ತೋ!" ಅಂತ ದೊರೆ ಕೂಗಿದ. ಓಬಳೇಶ ಹತ್ತಿದ. ಗೆಜ್ಜೆ ಗಲ್ಲೆಂತು. ಕೆಂದಿ ಮುಂಗಾಲೆತ್ತಿದ್ಲು. ರೇಷ್ಮೆ ಸರ್ರನೆ ಜಾರಿ, ಓಬಳೇಶ ಹಿಂದುಗಡೆಯಿಂದ ಇಳಿದು ಕೆಸರಲ್ಲಿ ಕೂತ. ಮಾಲಿಂಗಪ್ಪನ ಕಡೆ ಎಲ್ಲರೂ ತಿರುಗಿದ್ರು. ಅವತ್ತು ಅವನು "ಕೂತಿದೆ!" ಅನ್ನಲಿಲ್ಲ.

ಹಾಲವ್ವ ಯಾರನ್ನೂ ಕೇಳಲಿಲ್ಲ. ಓಡಿ ಹೋಗಿ ಲಗಾಮು ಹಿಡಿದು ಹಾರಿ ಕೂತ್ಲು. "ಏಯ್, ದಾರ..." ಅಂತ ಯಾರೋ ಅಂದ್ರು. ಆ ದಾರ ಅಂದೋನ ನಾಲಿಗೆಗೆ ಏನು ಹೇಳಲಿ? ಮಕ್ಕಳು ಕೂತಿದಾವೆ, ಬಿಡ್ತೀನಿ.

ಓಡ್ತು ಕೆಂದಿ. ಹಿಂದೆ ನೀರಿನ ಮೊರೆತ, ಮುಂದೆ ಹಾಲವ್ವನ ಕೂಗು. "ನೀರು ಬಂತು, ಮೇಲಕ್ಕೆ ಹತ್ರೋ!" ಮೊದಲ ಹಳ್ಳಿ ಹತ್ತಿತು. "ನೀರು ಬಂತು, ಮೇಲಕ್ಕೆ ಹತ್ರೋ!" ಎರಡನೇ ಹಳ್ಳಿ ಹತ್ತಿತು. ಕಡೇ ಹಳ್ಳೀಲಿ ಬಟ್ಟೆ ಒಗೀತಿದ್ದ ಹೆಂಗಸರು ಬಟ್ಟೆ ಅಲ್ಲೇ ಬಿಟ್ಟು, ಕೂಸುಗಳನ್ನ ಕಂಕುಳಲ್ಲಿ ಇರುಕಿಕೊಂಡು ದಿಬ್ಬ ಹತ್ತಿದ್ರು. ಹತ್ತಿ ತಿರುಗಿ ನೋಡಿದ್ರೆ ಒಗೆಯೋ ಕಲ್ಲು ಕಾಣಲಿಲ್ಲ. ಜನ ಒಬ್ಬರೂ ಸಾಯಲಿಲ್ಲ. ಡೇರೆ ಚಲ್ಲಣದ್ದು ಒಂದು ಎಳೆನೂ ಬಿಚ್ಚಲಿಲ್ಲ.

ನೀರಿಳಿದ ಮೇಲೆ ದೊರೆ ಅವಳನ್ನ ಕರೆಸಿದ. ಬೆಳ್ಳಿ ತಟ್ಟೇಲಿ ಹೊಸ ರೇಷ್ಮೆ ಉಡುಪು, ಮೇಲೊಂದು ಹಳದಿ ದಾರ. "ಮರ್ಯಾದೆ ತಗೋ ಹಾಲವ್ವಾ. ಇನ್ನು ಮುಂದೆ ಕುದುರೆ ನಿನ್ನದೇ. ನೋಡು, ಉಡುಪೂ ಕೊಡ್ತಿದೀನಿ" ಅಂದ.

ಎಲ್ಲರೂ ಅಂದ್ಕೊಂಡ್ರು, ಇವಳು ಬಗ್ಗಿ ಕಣ್ಣಿಗೊತ್ಕೋತಾಳೆ ಅಂತ. ನೀವೂ ಹಾಗೇ ಅಂದ್ಕೊಂಡ್ರಾ? ಇಷ್ಟು ಹೊತ್ತು ಏನು ಕೇಳಿದ್ರಿ ಹಾಗಾದ್ರೆ?

"ಕುದುರೆ ತಗೋತೀನಿ ದೊರೆಗಳೇ. ತಟ್ಟೇಲಿರೋದು ಬೇಡ" ಅಂದ್ಲು. "ಅವತ್ತು ಲಗಾಮು ಕಿತ್ತು ಕೊಟ್ರಿ. ನಗಾರಿ ಒಂದು ಗಳಿಗೆ ತಡವಾಗಿ ಬಡಿದಿದ್ರೆ ಕೆಂದಿ ಅವನ ಹಿತ್ತಲಲ್ಲಿ ಕಟ್ಟಿರ್ತಿದ್ಲು, ಹಳ್ಳಿಗಳು ಹೊಳೇಲಿ ತೇಲ್ತಿರ್ತಿದ್ವು. ಅದನ್ನ ರೇಷ್ಮೇಲಿ ಮುಚ್ಚಬೇಡಿ."

ದೊರೆ ತಲೆ ತಗ್ಗಿಸಿದ. "ಮತ್ತೇನು ಬೇಕು ಕೇಳವ್ವಾ."

"ಮಾಲಿಂಗಪ್ಪನೋರ ಅಂಗಡಿ ಮರದ ಕುದುರೆ ಬೇಕು."

ಕೊಟ್ಟ. ಕೊಡದೆ ಏನು ಮಾಡ್ತಾನೆ? ಗಾಡಿ ಮೇಲೆ ಹಾಕ್ಕೊಂಡು ಬಂದ್ಲು. ಅಂಗಳಕ್ಕೆ ಇಳಿಸಿದ್ಲು. ಒಳಗೆ ಹೋಗಿ ಕೊಡಲಿ ತಂದ್ಲು. ಕಾಲಿಗೊಂದು ಏಟು, ಬೆನ್ನಿಗೊಂದು ಏಟು, ಥಳಥಳ ಅನ್ನೋ ಆ ಮೂತಿಗೊಂದು ಏಟು. ಆ ಸೌದೆಯಿಂದ ಒಲೆ ಹಚ್ಚಿದ್ಲು. ಒಂದು ಹಂಡೆ ನೀರು ಕಾಯಿಸಿ ಅಪ್ಪನ ಸೊಂಟಕ್ಕೆ ಶಾಖ ಕೊಟ್ಲು. ಇನ್ನೊಂದು ಮಡಕೇಲಿ ಹುರುಳಿ ಬೇಯಿಸಿದ್ಲು. ಕೆಂದಿ ಮೂತಿ ಇಟ್ಟು ಪೂರ್ತಿ ತಿಂದ್ಲು. ಮರದ ಕುದುರೆ ಹುಟ್ಟಿದಾಗಿಂದ ಒಂದು ಕುದುರೆಗೆ ಉಪಯೋಗಕ್ಕೆ ಬಂದಿದ್ದು ಅವತ್ತೇ.

ಒಲೆ ಆರಿತು, ನನ್ನ ಸಿಟ್ಟು ಇನ್ನೂ ಆರಿಲ್ಲ. ನಿಮ್ಮ ನಿಮ್ಮ ಮನೇಲಿ ಎಂಥ ಮರದ ಕುದುರೆ ನಿಲ್ಲಿಸಿದೀರೋ ಹೋಗಿ ನೋಡ್ಕೊಳ್ಳಿ. ಕಥೆ ನನ್ನ ಬಾಯಿಂದ ಇಳೀತು, ನಿಮ್ಮ ಹೆಗಲಿಗೆ ಹತ್ತಿತು. ಹೊತ್ಕೊಂಡು ಹೋಗಿ.